ಕಿಮಿಗೆ ಅಳು ಬರಲಿಲ್ಲ

ಕಿಮಿ ಒಂದು ಕಣ್ಣನ್ನು ಮಾತ್ರ ತೆರೆದು ಸುತ್ತ ನೋಡಿದಳು. ಚರ್ಚಿನ ತುಂಬ ಜನ. ಎಲ್ಲರ ಕಣ್ಣೂ ಮುಚ್ಚಿದ್ದವು, ಎಲ್ಲರ ಬಾಯಲ್ಲೂ ಪ್ರಾರ್ಥನೆ. ಮುಂದುಗಡೆ ಡೋಲು ಒಂದೇ ಸಮನೆ ಬಡಿಯುತ್ತಿತ್ತು. ಅದರ ಹತ್ತಿರ ಕೆಲವರು ಸುತ್ತುಕಟ್ಟಿ ಮೆಲ್ಲಗೆ ಕುಣಿಯುತ್ತಿದ್ದರು. ಅವರ ನಡುವೆ ಅವಳ ಗೆಳತಿ ಜುವಾಲಿಯೂ ಇದ್ದಳು. ಜುವಾಲಿಯ ಕೆನ್ನೆ ಪೂರ್ತಿ ಒದ್ದೆಯಾಗಿತ್ತು.

ಕಿಮಿ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಒಂದು ಹನಿಯೂ ಇರಲಿಲ್ಲ.

ಮಿಜೋರಾಮಿನ ಆ ಗುಡ್ಡದ ಊರಿನಲ್ಲಿ ಇದು ಶುರುವಾಗಿ ಮೂರನೆಯ ವಾರ. ದಿನಾ ಸಂಜೆ ಬೇಗ ಊಟ ಮುಗಿಸಿ ಜನ ಚರ್ಚಿಗೆ ಬರುತ್ತಿದ್ದರು. ದೊಡ್ಡವರು ಇದಕ್ಕೆ ‘ಎಚ್ಚರ’ ಎನ್ನುತ್ತಿದ್ದರು. ನಿದ್ದೆಹೋಗಿದ್ದ ಊರನ್ನು ದೇವರೇ ತಟ್ಟಿ ಎಬ್ಬಿಸುತ್ತಿದ್ದಾನಂತೆ. ಸುಮೋ ಟ್ಯಾಕ್ಸಿ ಓಡಿಸುವವನು ಎದ್ದು ನಿಂತು, ಕುಡಿದು ಬಂದು ಮನೆಯವರನ್ನು ಅಳಿಸಿದ್ದೇನೆ ಎಂದು ತಾನೇ ಅತ್ತುಬಿಟ್ಟಿದ್ದ. ಗಣಿತದ ಮೇಷ್ಟ್ರು, ತಪ್ಪು ಮಾಡದ ಹುಡುಗನಿಗೆ ಬಾರಿಸಿದ್ದನ್ನು ಹೇಳಿ ಆ ಹುಡುಗನ ಮುಂದೆಯೇ ಮಂಡಿಯೂರಿದ್ದರು. ಅದನ್ನು ಕಣ್ಣಾರೆ ನೋಡಿದಾಗ ಕಿಮಿಯ ಮೈ ಜುಮ್ಮೆಂದಿತ್ತು. ಆದರೂ ಅಳು ಬಂದಿರಲಿಲ್ಲ.

ಸ್ಕೂಲಿನಲ್ಲಂತೂ ಇದೇ ಮಾತು. “ನಿಂಗಿನ್ನೂ ಆಗಿಲ್ವಾ?” ಎಂದು ಜುವಾಲಿ ದಿನಾ ಕೇಳುತ್ತಿದ್ದಳು, ಇಂಜೆಕ್ಷನ್ ಹಾಕಿಸಿಕೊಂಡೆಯಾ ಎಂದು ಕೇಳುವ ಹಾಗೆ. ತನಗೆ ಒಂದು ಬೆಳಕು ಕಂಡಿತೆಂದೂ ಹೇಳಿದ್ದಳು. ಇಷ್ಟು ಜನರನ್ನು ಮುಟ್ಟಿದ ದೇವರು ತನ್ನೊಬ್ಬಳನ್ನೇ ಯಾಕೆ ದಾಟಿ ಹೋದ ಎಂದು ಕಿಮಿಗೆ ಒಳಗೊಳಗೇ ಭಯ.

ಇವತ್ತು ಅಳಲೇಬೇಕು ಎಂದುಕೊಂಡಳು ಅವಳು.

ಮುಖ ಮುಚ್ಚಿಕೊಂಡು ಮೊದಲು ಭುಜ ಅಲುಗಿಸಿದಳು. ಆಮೇಲೆ “ಊಂ” ಎಂದು ಸಣ್ಣ ಸದ್ದು ಮಾಡಿದಳು. ಅದು ಅವಳಿಗೇ ಬೆಕ್ಕಿನ ಮರಿಯ ಕೂಗಿನ ಹಾಗೆ ಕೇಳಿಸಿತು. ಪಕ್ಕದಲ್ಲಿದ್ದ ಅಜ್ಜಿ ತಕ್ಷಣ ಅವಳನ್ನು ತಬ್ಬಿಕೊಂಡಳು.

“ಏನು ಪುಟ್ಟಿ? ಏನು ಭಾರ ನಿಂಗೆ? ಹೇಳಿಬಿಡು,” ಎಂದಳು ಅಜ್ಜಿ.

ಅಳುವ ನಾಟಕಕ್ಕೆ ಕಿಮಿ ತಯಾರಾಗಿದ್ದಳು. ಮಾತಿಗೆ ಆಗಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

“ಅಪ್ಪ ದೊಡ್ಡಪ್ಪನ ಜೊತೆ ಮಾತಾಡ್ಲಿ.”

ಅಕ್ಕಪಕ್ಕದವರ ಪ್ರಾರ್ಥನೆ ನಿಂತುಹೋಯಿತು. ಮುಂದಿನ ಬೆಂಚಿನಲ್ಲಿ ಸಭೆಯ ಹಿರಿಯರ ಸಾಲಿನಲ್ಲಿ ಕೂತಿದ್ದ ದೊಡ್ಡಪ್ಪ ಲಿಯಾನ್‌ಖುಮ ತಿರುಗಿ ಅವಳನ್ನೇ ನೋಡಿದ. ಆಮೇಲೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಕಿಮಿಯ ಅಪ್ಪ ಬಿಯಾಕನಿಗೂ ಅವನ ಅಣ್ಣನಿಗೂ ಹೋದ ಬೇಸಿಗೆಯಿಂದ ಎಣ್ಣೆ ಸೀಗೆಕಾಯಿ. ಬೇಸಿಗೆಯಲ್ಲಿ ಊರಿಗೆಲ್ಲ ಕೆಳಗಿನ ಒರತೆಯ ನೀರೇ ಗತಿ. ಅದು ತೊಟ್ಟಿಕ್ಕುವುದೇ ನಿಧಾನ. ಜನ ಹಿಂದಿನ ದಿನವೇ ಕ್ಯಾನುಗಳನ್ನು ಸಾಲಾಗಿ ಇಟ್ಟು ಬರುತ್ತಾರೆ. ಸಾಲು ತಪ್ಪಿಸುವಂಥ ಕೆಟ್ಟ ಕೆಲಸ ಆ ಊರಿನಲ್ಲಿ ಇನ್ನೊಂದಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಸಾಲು ಹಿಂದುಮುಂದಾಗಿತ್ತು. ಎಲ್ಲರೂ ಸೇರಿದ್ದಾಗ ದೊಡ್ಡಪ್ಪ, “ಸರಿಸಿದ್ದು ನನ್ನ ತಮ್ಮನೇ,” ಎಂದುಬಿಟ್ಟಿದ್ದ. ಅಪ್ಪ ಇಲ್ಲವೆಂದ. ಅವತ್ತಿನಿಂದ ಮಾತು ನಿಂತಿತು. ಅಣ್ಣ ಮುಂದಿನ ಸಾಲಿನಲ್ಲಿ ಕೂರುತ್ತಾನೆಂದು ಅಪ್ಪ ಚರ್ಚಿಗೂ ಹೋಗುವುದನ್ನು ಬಿಟ್ಟ. ದೊಡ್ಡಪ್ಪನ ಮನೆ ಮೇಲೆ, ಇವರ ಮನೆ ಕೆಳಗೆ, ನಡುವೆ ಕಲ್ಲಿನ ಮೆಟ್ಟಿಲು. ಅಜ್ಜಿಯೊಬ್ಬಳೇ ಮಂಡಿ ಹಿಡಿದುಕೊಂಡು ಇಬ್ಬರು ಮಕ್ಕಳ ಮನೆಗೂ ಹತ್ತಿ ಇಳಿಯುತ್ತಿದ್ದಳು. ಕಿಮಿಯ ಅಮ್ಮ ಐಜ್ವಾಲಿನಲ್ಲಿ ನರ್ಸು. ತಿಂಗಳಿಗೊಮ್ಮೆ ಬಂದಾಗೆಲ್ಲ ಅವಳೂ ಹೇಳಿ ಹೇಳಿ ಸೋತಿದ್ದಳು.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಅಜ್ಜಿ ಎಲ್ಲವನ್ನೂ ಅಪ್ಪನಿಗೆ ಹೇಳಿದಳು. ಮಗು ಹೇಗೆ ಅತ್ತಿತು, ಏನೆಂದಿತು, ದೊಡ್ಡಪ್ಪ ಹೇಗೆ ಮುಖ ಮುಚ್ಚಿಕೊಂಡ, ಒಂದನ್ನೂ ಬಿಡಲಿಲ್ಲ.

“ದೇವ್ರೇ ಮಗು ಬಾಯಲ್ಲಿ ಹೇಳ್ಸಿದಾನೆ,” ಎಂದ ಅಪ್ಪ. “ಇನ್ನೂ ನಾನು ಬಿಗುಮಾನ ಮಾಡ್ಕೊಂಡು ಕೂತ್ರೆ ಆಗಲ್ಲ. ಸಂಜೆ ಹೋಗಿ ಅಣ್ಣನ್ನ ಕ್ಷಮಿಸಿಬಿಡ್ತೀನಿ. ನೀನೂ ಬಾ ಕಿಮಿ.”

ಅಜ್ಜಿ ಕಣ್ಣೊರೆಸಿಕೊಂಡು ಆಗಲೇ ಮೇಲಿನ ಮನೆಗೆ ಸುದ್ದಿ ಮುಟ್ಟಿಸಲು ಹೊರಟಳು. ಕಿಮಿ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದಳು.

ಸ್ಕೂಲಿನಲ್ಲಿ ಎಲ್ಲರೂ ಅವಳ ಸುತ್ತಲೇ. ಬೆಳಿಗ್ಗೆ ಎಲ್ಲರೂ ಸೇರಿದಾಗ ಮೇಷ್ಟ್ರು ಅವಳಿಂದಲೇ ಪ್ರಾರ್ಥನೆ ಮಾಡಿಸಿದರು. ಬೆಳಕು ಕಾಣಿಸಿತಾ ಎಂದು ಜುವಾಲಿ ಕೇಳಿದಳು. ಕಿಮಿ ಹೂಂ ಎಂದಳು. ಯಾವ ಬಣ್ಣ ಎಂದು ಕೇಳಿದ್ದಕ್ಕೆ ಹಳದಿ ಎಂದಳು. ಒಂದು ಸುಳ್ಳು ಹೇಳಿದವರು ಹತ್ತು ಹೇಳಬೇಕು ಎನ್ನುವುದು ಸುಳ್ಳಲ್ಲ. ಮಧ್ಯಾಹ್ನದ ಹೊತ್ತಿಗೆ ಕಿಮಿಯ ಲೆಕ್ಕ ಎಲ್ಲಿಗೋ ಹೋಗಿತ್ತು.

ನಿಜ ಹೇಳಿದರೆ ಅಪ್ಪ ದೊಡ್ಡಪ್ಪನ ಮನೆಗೆ ಹೋಗುವುದಿಲ್ಲ. ಹೇಳದಿದ್ದರೆ, ಅವಳು ಆಡಿದ ನಾಟಕವನ್ನು ದೇವರ ಮಾತೆಂದು ನಂಬಿಕೊಂಡು ಅಪ್ಪ ಮೆಟ್ಟಿಲು ಹತ್ತುತ್ತಾನೆ.

ಸಂಜೆ ಅಪ್ಪ ಗಡ್ಡ ಬೋಳಿಸಿಕೊಂಡು, ಎಷ್ಟೋ ತಿಂಗಳಿಂದ ಮುಟ್ಟದ ಕೋಟು ಹಾಕಿಕೊಂಡ. ಕಿಮಿಯ ಕೈ ಹಿಡಿದು ಮೆಟ್ಟಿಲು ಹತ್ತತೊಡಗಿದ. ಮೇಲಿನ ಮನೆಯ ಬಾಗಿಲು ತೆರೆದಿತ್ತು. ಸಾಸಿವೆ ಸೊಪ್ಪು ಹಾಕಿ ಬೇಯಿಸಿದ ಹಂದಿಮಾಂಸದ ವಾಸನೆ ಬರುತ್ತಿತ್ತು. ಅವರಿಗಾಗಿಯೇ ಅಡುಗೆಯಾಗಿತ್ತು.

ಅರ್ಧ ಮೆಟ್ಟಿಲಿಗೆ ಬಂದಾಗ ಕಿಮಿ ನಿಂತಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

“ಅಪ್ಪಾ, ನಿನ್ನೆ ನಾನು ಸುಳ್ಳುಸುಳ್ಳೇ ಅತ್ತೆ.”

“ಏನಂದೆ?”

“ನಂಗೆ ಅಳು ಬರ್ಲೇ ಇಲ್ಲ. ಎಲ್ರಿಗೂ ಬರುತ್ತೆ, ನಂಗೆ ಬರಲ್ಲ. ಅದಕ್ಕೇ ಅತ್ತ ಹಾಗೆ ಮಾಡ್ದೆ. ಅಜ್ಜಿ ಏನು ಭಾರ ಅಂತ ಕೇಳಿದ್ಳು. ಏನಾದ್ರೂ ಹೇಳ್ಬೇಕಿತ್ತು, ಹೇಳ್ದೆ.”

ಅಪ್ಪ ಬೈಯುತ್ತಾನೆಂದು ಅವಳು ಕಾದಳು. ಅಪ್ಪ ಬೈಯಲಿಲ್ಲ. ಅವಳ ಕೈ ಬಿಟ್ಟು, ತೆರೆದಿದ್ದ ಆ ಬಾಗಿಲನ್ನೊಮ್ಮೆ ನೋಡಿದ.

“ಹಾಗಾದ್ರೆ ದೇವ್ರು ನಂಗೇನೂ ಹೇಳ್ಲಿಲ್ಲ,” ಎಂದ.

ತಿರುಗಿ ಇಳಿದುಹೋದ. ಕೋಪ ಬಂದವನ ಹಾಗೂ ಇರಲಿಲ್ಲ, ಭಾರ ಇಳಿದವನ ಹಾಗೂ ಇರಲಿಲ್ಲ. ಕಿಮಿ ಮೆಟ್ಟಿಲ ಮೇಲೆ ಒಬ್ಬಳೇ ಉಳಿದಳು. ಎಲ್ಲವನ್ನೂ ಕೆಡಿಸಿದ್ದು ತಾನೇ ಎಂದು ಅವಳಿಗೆ ತುಂಬ ದುಃಖವಾಯಿತು. ಮೇಲೆ ಊಟ ಬಡಿಸಿಕೊಂಡು ಕಾಯುತ್ತಿದ್ದರು. ಯಾರಾದರೂ ಹೋಗಿ ಹೇಳಲೇಬೇಕಿತ್ತು.

ಅವಳು ಹತ್ತಿ ಹೋದಳು. ಒಗೆದ ಅಂಗಿ ತೊಟ್ಟು ಬಾಗಿಲ ಹತ್ತಿರವೇ ಕೂತಿದ್ದ ದೊಡ್ಡಪ್ಪ ಅವಳ ಹಿಂದೆ ಅಪ್ಪನನ್ನು ಹುಡುಕಿದ. ಕಿಮಿ ನಿಂತಲ್ಲೇ ಎಲ್ಲ ಹೇಳಿದಳು. ಅತ್ತ ನಾಟಕ, ಹಳದಿ ಬೆಳಕು, ಅಪ್ಪ ವಾಪಸು ಹೋದದ್ದು. ಎರಡನೆಯ ಸಲ ಹೇಳುವಾಗ ಸುಲಭವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ.

ದೊಡ್ಡಪ್ಪ ನೆಲ ನೋಡುತ್ತ ಕೂತ.

“ನೀನು ಒಂದು ದಿನ ಸುಳ್ಳು ಅತ್ತೆ,” ಎಂದ. “ನಾನು ಮೂರು ವಾರದಿಂದ ಮುಂದಿನ ಬೆಂಚಲ್ಲಿ ಕೂತು, ನಿಮ್ ನಿಮ್ಮ ತಪ್ಪು ಒಪ್ಕೊಳ್ಳಿ ಅಂತ ಊರಿಗೆಲ್ಲ ಹೇಳ್ತಿದೀನಿ. ನಂದನ್ನ ಮಾತ್ರ ಹೇಳ್ಲಿಲ್ಲ.”

ಅವನು ಎದ್ದ. ಕೆಳಗಿನ ಮನೆಯ ಕಡೆ ಇಳಿಯತೊಡಗಿದ. ಕಿಮಿ ಹಿಂದೆಯೇ ಓಡಿದಳು.

ಅಪ್ಪ ಕೋಟನ್ನೂ ಬಿಚ್ಚದೆ ಒಲೆಯ ಮುಂದೆ ಕೂತಿದ್ದ. ಪಕ್ಕದಲ್ಲಿ ಅಜ್ಜಿ. ದೊಡ್ಡಪ್ಪ ಒಳಗೆ ಬರದೆ ಹೊಸಿಲಲ್ಲೇ ನಿಂತ.

“ಬಿಯಾಕ, ಕ್ಯಾನು ಸರಿಸಿದ್ದನ್ನ ನಾನು ನೋಡಿರ್ಲಿಲ್ಲ,” ಎಂದ. “ಯಾರೋ ಅಂದ್ರು. ನಾನು ಕಣ್ಣಾರೆ ಕಂಡವನ ಹಾಗೆ ಎಲ್ರ ಮುಂದೆ ಹೇಳ್ಬಿಟ್ಟೆ. ತಪ್ಪಾಯ್ತು ಕಣೋ.”

ಅಪ್ಪ ಈಗ ಎದ್ದು ಅಣ್ಣನನ್ನು ತಬ್ಬಿಕೊಳ್ಳುತ್ತಾನೆ ಎಂದುಕೊಂಡಳು ಕಿಮಿ. ಚರ್ಚಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಅಪ್ಪ ಏಳಲಿಲ್ಲ. ಬೆಂಕಿಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

“ನೀನು ನೋಡಿರ್ಲಿಲ್ಲ ಅಣ್ಣ,” ಎಂದ. “ಆದ್ರೆ ಸರಿಸಿದ್ದು ನಾನೇ.”

ಅಜ್ಜಿ ತಟ್ಟನೆ ಅಪ್ಪನ ಕಡೆ ತಿರುಗಿದಳು.

“ಅಮ್ಮಂಗೆ ಜ್ವರ ಇತ್ತು. ಮನೇಲಿ ಒಂದು ಲೋಟ ನೀರೂ ಇರ್ಲಿಲ್ಲ. ಕೇಳಿದ್ರೆ ಯಾರಾದ್ರೂ ಕೊಡ್ತಿದ್ರು. ಕೇಳೋಕೆ ನಾಚ್ಕೆ ಆಯ್ತು. ಆಮೇಲೆ ನೀನು ಎಲ್ರ ಮುಂದೆ ಅಂದೆಯಲ್ಲ, ಒಪ್ಕೊಳ್ಳೋಕೆ ಇನ್ನೂ ನಾಚ್ಕೆ ಆಯ್ತು.”

ಚರ್ಚಿನಲ್ಲಿ ಸಂಜೆಯ ಡೋಲು ಶುರುವಾಯಿತು. ದಿನಾ ಅದರ ಸದ್ದು ಕೇಳಿದೊಡನೆ ಏಳುತ್ತಿದ್ದ ಅಜ್ಜಿ ಇವತ್ತು ಕೂತೇ ಇದ್ದಳು. ಹಿರಿಯ ಮಗನಿಗೆ ಕೂರಲು ಬೆತ್ತದ ಸ್ಟೂಲು ತೋರಿಸಿ, ಒಲೆಗೆ ಇನ್ನೊಂದು ಸೌದೆ ಇಟ್ಟಳು. ದೊಡ್ಡಪ್ಪ ಹೊಸಿಲು ದಾಟಿ ಒಳಗೆ ಬಂದು ಕೂತ.

ತಪ್ಪು ಒಪ್ಪುವ ಮಾತನ್ನು ಬಾಯಿಂದ ಹೊರಗೆ ತರುವುದು ಎಷ್ಟು ಕಷ್ಟ ಎಂಬುದು ಆ ಹೊತ್ತಿನಲ್ಲಿ ಕಿಮಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಅವಳು ಅಪ್ಪನ ಪಕ್ಕಕ್ಕೆ ಸರಿದಳು. ಬೆಂಕಿಯ ಎದುರಿಗೇ ಕೂತಿದ್ದರೂ ಅಪ್ಪನ ಕೈ ತಣ್ಣಗಿತ್ತು. ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಳು.