ಮೂವತ್ತೊಂಬತ್ತನೆಯ ಕುರ್ಚಿ

ಕೇಳಿದರೆ ಹೇಳಿಬಿಡಬೇಕು. ಕೇಳದಿದ್ದರೆ? ಕೇಳದ ಪ್ರಶ್ನೆಗೆ ಉತ್ತರ ಕೊಡದೆ ಇರುವುದನ್ನು ಸುಳ್ಳು ಎನ್ನಲಾದೀತೇ? ಪಂಪು ಕಾರ್ಖಾನೆಯ ಮೆಟ್ಟಿಲು ಹತ್ತುವಾಗ ಎಸ್ಬೆನ್ ಇದನ್ನೇ ಮೂರನೆಯ ಸಲ ಯೋಚಿಸುತ್ತಿದ್ದ.

ಕಂಪನಿಗಳ ಔತಣ, ಸಭೆ, ಸಮ್ಮೇಳನಗಳನ್ನು ಏರ್ಪಡಿಸುವುದು ಅವನ ಕಸುಬು. ಒಂದೂವರೆ ವರ್ಷದ ಹಿಂದೆ, ಸೋಂಕಿನ ಮೊದಲ ಶರತ್ಕಾಲದಲ್ಲಿ, ಈ ಕಾರ್ಖಾನೆಯ ಐವತ್ತನೆಯ ವರ್ಷದ ಊಟವನ್ನು ಏರ್ಪಡಿಸಿದ್ದ. ಸಮುದ್ರದ ಖಾರಿಯ ದಂಡೆಯ ಹಳೆಯ ಗೋದಾಮು. ಮೂವತ್ತೆಂಟು ಹೆಸರು, ಮೂವತ್ತೆಂಟು ಕುರ್ಚಿ, ನಡುನಡುವೆ ಒಂದೊಂದು ಮೀಟರು. ಎಪ್ಪತ್ತು ದಾಟಿದ ನಾಲ್ವರನ್ನು ಕರೆಯಬಾರದೆಂದು ಒಪ್ಪಂದವಾಗಿತ್ತು. ಆ ನಾಲ್ವರಲ್ಲೊಬ್ಬ, ಉಗ್ರಾಣ ನೋಡಿಕೊಳ್ಳುತ್ತಿದ್ದ ವೆರ್ನರ್, ಸಂಜೆ ಆರೂವರೆಗೆ ನೀಲಿ ಟೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಉಂಡ. ಹಾಡಿದ. ಮೂರು ವಾರಕ್ಕೆ ಆಸ್ಪತ್ರೆಯಲ್ಲಿ ಸತ್ತ.

ಕರೆಯದೆ ತಾನೇ ಬಂದ ಮುದುಕ ಎಂದಿತು ಕಾರ್ಖಾನೆ. ಒಳಗೆ ಬಿಟ್ಟುಕೊಂಡವನು ಎಸ್ಬೆನ್ ಎಂದಿತು ಹಾರ್ಸೆನ್ಸ್ ಊರು.

ಈಗ ನಿರ್ಬಂಧಗಳೆಲ್ಲ ತೆರವಾಗಿ, ಈ ಬೇಸಿಗೆಯ ಕೂಟ ಮತ್ತೆ ಅವನ ಕೈಗೆ ಬರುವುದರಲ್ಲಿತ್ತು. ಅಷ್ಟರಲ್ಲಿ, ಕಳೆದ ಸೋಮವಾರ, ವೆರ್ನರನ ಮಗಳು ದೋರ್ತೆ ಅಪ್ಪನ ಕೋಟನ್ನು ಹಳೆಬಟ್ಟೆ ಅಂಗಡಿಗೆ ಕೊಡಲು ತೆಗೆದಳು. ಒಳಜೇಬಿನಲ್ಲಿ ಒಂದು ಕಾಗದದ ಸುರುಳಿ. ಅದನ್ನು ಕೆಳಮನೆಯ ತೂರಾಳಿಗೆ ತೋರಿಸಿದಳು. ತೂರಾ ಮೂವತ್ತು ವರ್ಷ ಪೊಲೀಸಿನಲ್ಲಿದ್ದು ನಿವೃತ್ತಳಾದವಳು; ಇಂದು ಎಲ್ಲರನ್ನೂ ಸೇರಿಸಿದವಳೂ ಅವಳೇ.

ಕ್ಯಾಂಟೀನಿನ ಮೇಜಿನ ಸುತ್ತ ಐವರು. ಕಾಫಿ, ದುಂಡು ಬನ್ನು, ಚೀಸು.

"ಯಾರು ಕರೆದ್ರು ಅಂತ ಗೊತ್ತಾದ್ರೆ ಸಾಕು ನಂಗೆ," ಎಂದಳು ದೋರ್ತೆ. "ಕರೀದೆ ಅಪ್ಪ ನನ್ನ ಮನೆಗೂ ಬರ್ತಿರ್ಲಿಲ್ಲ."

"ಯಾರೂ ಕರೀಲಿಲ್ಲಮ್ಮ." ಕಾರ್ಖಾನೆಯ ನಿರ್ದೇಶಕ ಟೊರ್ಕಿಲ್ ಗಡಿಯಾರ ನೋಡಿಕೊಂಡ. "ಹಟಮಾರಿ ಮನುಷ್ಯ. ತಾನಾಗೇ ಬಂದ."

"ನಿಮಗೆ ಹೇಗೆ ಗೊತ್ತು?" ತೂರಾ ಬನ್ನಿಗೆ ಬೆಣ್ಣೆ ಹಚ್ಚುತ್ತಲೇ ಕೇಳಿದಳು.

"ಹೇಗೆ ಅಂದ್ರೆ... ಬೋದಿಲ್ ಹೇಳಿದ್ಲು."

ಬೋದಿಲ್ ಮೂವತ್ತೊಂದು ವರ್ಷದಿಂದ ಕಾರ್ಖಾನೆಯ ಕಚೇರಿ ನಡೆಸುತ್ತಿದ್ದವಳು. "ಅಯ್ಯೋ, ನಂಗೂ ಬಾಗಿಲಲ್ಲಿ ನೋಡಿದ ಮೇಲೇ ಗೊತ್ತಾಗಿದ್ದು. ಎದೆ ಧಸಕ್ ಅಂತು."

"ಟೊರ್ಕಿಲ್, ಅವತ್ತು ನೀವು ವೆರ್ನರನಿಗೊಂದು ಕೈಗಡಿಯಾರ ಕೊಟ್ರಿ. ಬರದವನಿಗೆ ಉಡುಗೊರೆ ತಂದಿದ್ರಾ?"

"ತಿಂಗಳಿಂದ ಡ್ರಾಯರಲ್ಲಿ ಬಿದ್ದಿತ್ತು ರೀ! ಬಂದಿದ್ದಾನಲ್ಲ ಅಂತ ಆಫೀಸಿಂದ ತರಿಸಿ ಕೊಟ್ಟೆ. ಅದೂ ತಪ್ಪಾ?"

ತೂರಾ ಎಸ್ಬೆನ್ ಕಡೆ ತಿರುಗಿದಳು. "ನಿಮ್ಮ ಪಟ್ಟಿಯಲ್ಲಿ ವೆರ್ನರ್ ಇರಲಿಲ್ಲ?"

"ಇರಲಿಲ್ಲ."

"ಬಾಗಿಲಲ್ಲೇ ತಡೀಬಹುದಿತ್ತು."

"ತಡೀಬಹುದಿತ್ತು. ಅಷ್ಟೊತ್ತಿಗೆ ಎಲ್ಲರೂ ಎದ್ದು ಚಪ್ಪಾಳೆ ತಟ್ತಾ ಇದ್ರು."

"ಚಪ್ಪಾಳೆ!" ಎಂದಳು ದೋರ್ತೆ.

ತೂರಾ ಚೀಲದಿಂದ ಸುರುಳಿ ತೆಗೆದು ಮೇಜಿನ ಮೇಲಿಟ್ಟಳು. ಎಲ್ಲರಿಗೂ ಗುರುತು ಸಿಕ್ಕಿತು: ಅಂದಿನ ಹಾಡು. ಪ್ರತಿ ಕೂಟಕ್ಕೂ ಗೊತ್ತಿರುವ ಧಾಟಿಗೆ ಒಂದು ಹೊಸ ಹಾಡು ಕಟ್ಟಿ, ಒಬ್ಬೊಬ್ಬರ ಕಾಲನ್ನೂ ಒಂದೊಂದು ಚರಣದಲ್ಲಿ ಎಳೆಯುವುದು ಬೋದಿಲಳ ಕೆಲಸ.

"ಸೋಂಕು ಹರಡುತ್ತೆ, ಹಾಡು ಬೇಡ ಅಂತ ಒಪ್ಪಂದದಲ್ಲಿತ್ತಲ್ಲ?" ಎಂದಳು ತೂರಾ.

"ಹಾಡಿಲ್ಲದ್ದನ್ನ ಔತಣ ಅಂತಾರಾ?" ಬೋದಿಲ್ ಕೆಂಪಾದಳು. "ಮನೆಗೆ ಒಯ್ದು ಓದ್ಕೊಳ್ಲಿ ಅಂತ ಬರೆದದ್ದು. ಶುರು ಹಚ್ಚಿದ್ದು ಈ ಪುಣ್ಯಾತ್ಮ."

"ಎರಡು ಗ್ಲಾಸು ಒಳಗೆ ಹೋಗಿತ್ತು," ಎಂದ ಟೊರ್ಕಿಲ್. ನಗು ಬರಲೆಂದು ಕಾದ. ಯಾರೂ ನಗಲಿಲ್ಲ.

"ಇವನ್ನ ತಟ್ಟೆಗಳ ಪಕ್ಕ ಇಟ್ಟವರು ಯಾರು?"

"ನಾನೇ," ಎಂದ ಎಸ್ಬೆನ್. "ನಾಲ್ಕು ಗಂಟೆಗೆ. ಬೋದಿಲ್ ಬುಟ್ಟಿ ಕೊಟ್ಟು ಹೋಗಿದ್ರು."

"ಓದೋ ಹಾಗಿದ್ವಾ?"

"ಕೆಂಪು ದಾರ ಕಟ್ಟಿತ್ತು."

ತೂರಾ ತಲೆಯಾಡಿಸಿದಳು. "ಅಲ್ಲೇ ಇರೋದು ವಿಷಯ. ನೀವೆಲ್ಲ ಹಾಡಿದ್ರಿ. ಯಾರೂ ಓದಲಿಲ್ಲ." ಕನ್ನಡಕ ಏರಿಸಿ, ರಾಗವಿಲ್ಲದೆ, ಒಂಬತ್ತನೆಯ ಚರಣ ಓದಿದಳು:

"ಮನೆಯಲ್ಲೇ ಇರೆಂದರೂ ಕೇಳದೆ ಬಂದ,
ನೀಲಿ ಟೈ ಕಟ್ಟಿ ವೆರ್ನರ ನಿಂದ,
ತಿರುಪು ಎಣಿಸುತ ಸವೆಸಿದ ಬೆರಳು
ಗ್ಲಾಸೆತ್ತಲಿ ಈಗ, ಬಿಚ್ಚಲಿ ಕೊರಳು!"

ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತ ಕೂಗುತ್ತಿತ್ತು.

"ಆರೂವರೆಗೆ ಹೇಳದೆ ಕೇಳದೆ ಬಂದವನು, ನಾಲ್ಕಕ್ಕೇ ದಾರ ಕಟ್ಟಿಟ್ಟ ಹಾಡಿನೊಳಗೆ ಹೇಗೆ ಹೊಕ್ಕ?"

"ನಾನು... ಬರದೇ ಇರೋರಿಗೂ ಬರೀತೀನಿ," ಎಂದಳು ಬೋದಿಲ್.

"ಹಾಗಾದ್ರೆ ಉಳಿದ ಮೂವರು ಹಿರಿಯರು ಎಲ್ಲಿ? ಹುಡುಕಿದೆ. ಒಂದು ಸಾಲೂ ಇಲ್ಲ. ನೀಲಿ ಟೈ ಬೇರೆ. ಕಟ್ಟಿಕೊಂಡು ಬಾ ಅಂದವರನ್ನ ಬಿಟ್ಟು ಇನ್ಯಾರಿಗೆ ಗೊತ್ತಿರುತ್ತೆ ಅದು? ಕರೆದದ್ದು ನೀವು, ಬೋದಿಲ್."

ಬೋದಿಲ್ ಬಹಳ ಹೊತ್ತು ಬನ್ನಿನ ಚೂರುಗಳನ್ನು ಬೆರಳಿಂದ ಒಂದೆಡೆ ಗುಡ್ಡೆ ಹಾಕಿದಳು.

"ದಿನಾ ಫೋನ್ ಮಾಡ್ತಿದ್ದ," ಎಂದಳು ಕೊನೆಗೆ. "ಆರು ತಿಂಗಳು ಒಬ್ಬನೇ ಉಂಡಿದ್ದ. ಒಂದು ಸಂಜೆ, ನಾಲ್ಕು ಜನರ ಮುಖ ನೋಡ್ಲಿ ಅಂತ... ಎರಡು ಸಲ ಬೇಡ ಅಂದ. ಮೂರನೇ ಸಲ ನಾನೇ ಅಂದೆ: ನೀನು ಬರದಿದ್ರೆ ಆ ಚರಣ ಯಾರಿಗೆ ಹಾಡೋದೋ ಅಂತ. ಸತ್ತ ಮೇಲೆ ಬಾಯಿ ಬರ್ಲಿಲ್ಲ, ದೋರ್ತೆ. ಎಲ್ಲಾ ಎಸ್ಬೆನ್ ತಲೆಗೆ ಬಂತು. ಸುಮ್ಮನಿದ್ದೆ."

ದೋರ್ತೆ ಅಳಲಿಲ್ಲ. "ಎರಡು ಸಲ ಬೇಡ ಅಂದನಾ?" ಎಂದಷ್ಟೇ ಕೇಳಿದಳು.

"ಎಲ್ಲಿ ಕೂರಿಸೋದು ಅಂತ ದಾರಿಯುದ್ದಕ್ಕೂ ಚಿಂತೆ ನಂಗೆ," ಬೋದಿಲ್ ತನಗೇ ಹೇಳಿಕೊಳ್ಳುವಂತೆ ಮುಂದುವರಿಸಿದಳು. "ಸಂಜೆ ಹೋಗಿ ನೋಡಿದ್ರೆ ಬಾಗಿಲ ಹತ್ರ ಮೂವತ್ತೊಂಬತ್ತನೇದೊಂದು ಕುರ್ಚಿ ಆಗಲೇ ಇತ್ತು. ತಟ್ಟೆ, ಗ್ಲಾಸು, ಎಲ್ಲಾ. ಟೊರ್ಕಿಲ್‌ಗೆ ಹೇಗೋ ಗೊತ್ತಾಗಿದೆ ಅಂದ್ಕೊಂಡೆ."

"ನಾನಲ್ಲ," ಎಂದ ಟೊರ್ಕಿಲ್. "ಗೋದಾಮಿನವರು ಇಟ್ಟಿರಬೇಕು ಬಿಡು. ತಪ್ಪು ಎಣಿಸಿ."

ತೂರಾಳ ಕಣ್ಣು ಎಸ್ಬೆನ್ ಮೇಲೆ ಒಂದು ಗಳಿಗೆ ನಿಂತಿತು. ಅವಳು ಏನೂ ಕೇಳಲಿಲ್ಲ. ಕನ್ನಡಕ ಮಡಿಚಿ ಡಬ್ಬಿಗಿಟ್ಟಳು.

ಮೆಟ್ಟಿಲ ಬಳಿ ದೋರ್ತೆ ಅವನನ್ನು ನಿಲ್ಲಿಸಿದಳು. "ಒಂದೂವರೆ ವರ್ಷ ಊರೆಲ್ಲ ನಿನ್ನ ಹೆಸರು ಹೇಳ್ಕೊಂಡು ತಿರುಗಿದೆ ನಾನು. ನನ್ನದು ತಪ್ಪಾಯ್ತು." ಕೈ ಚಾಚಿದಳು. ಎರಡು ವರ್ಷದಿಂದ ಯಾರೂ ಯಾರ ಕೈಯನ್ನೂ ಹಿಡಿಯದೆ ರೂಢಿ ತಪ್ಪಿತ್ತು. ಇಬ್ಬರಿಗೂ ಎಷ್ಟು ಹೊತ್ತು ಹಿಡಿಯಬೇಕೆಂದು ತಿಳಿಯಲಿಲ್ಲ. ಅವಳ ಕೈ ತಣ್ಣಗಿತ್ತು.

"ಪರವಾಗಿಲ್ಲ," ಎಂದ ಎಸ್ಬೆನ್.

ಸೋಂಕಿನ ಆ ಮೊದಲ ವರ್ಷ ಅವನ ಹದಿನಾಲ್ಕು ಕೂಟಗಳು ರದ್ದಾಗಿದ್ದವು. ಹದಿನೈದನೆಯದಾದ ಈ ಕಾರ್ಖಾನೆಯ ಊಟವನ್ನು ಕೆಡಿಸುವ ಮಾತು ಅಂದು ಬಾಯಿಗೆ ಬಂದಿರಲಿಲ್ಲ, ಇಂದೂ ಬರಲಿಲ್ಲ. ನಾಲ್ಕು ಗಂಟೆಗೆ ಒಂದು ಸುರುಳಿಯ ದಾರ ಬಿಚ್ಚಿ ಒಂಬತ್ತನೆಯ ಚರಣವನ್ನು ಓದಿದ್ದೆ, ಆಮೇಲೆ ಆ ಕುರ್ಚಿಯನ್ನು ತಂದಿಟ್ಟವನು ನಾನೇ ಎಂದು ಅವನು ಹೇಳಲೇ ಇಲ್ಲ.