ಚಿಕ್ಕಬೋರಜ್ಜಿ ಸೊಳ್ಳೆಗೆ ಕಾಯಿ ಒಡೆದದ್ದು

"ಏಳ್ರಲಾ, ಎಲ್ಲಾ ಎದ್ದು ನಿಂತ್ಕಳಿ. ದೇವ್ರು ಬಂದವ್ನೆ. ನಾಗಿ, ಕರ್ಪೂರ ಹಚ್ಚಮ್ಮಿ."

ಚಿಕ್ಕಬೋರಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೆಂಗಿನಕಾಯಿ ಹಿಡಿದು ಜನರ ನಡುವಿನಿಂದ ಎದ್ದೇಬಿಟ್ಟಳು. ಆಕೆ ಪಟೇಲ್ ಮಂಚಯ್ಯನ ತಾಯಿ. ಆಕೆ ಎದ್ದರೆ ಊರು ಏಳುತ್ತದೆ, ಆಕೆ ಕೂತರೆ ಊರು ಕೂರುತ್ತದೆ. ಆಕೆ ಕೆಮ್ಮಿದರೆ ಹಿರೋಡೆಯವರೆಗೂ ಕೇಳಿಸುತ್ತಿತ್ತು. ಈಗಿನ ಪಾಂಡವಪುರಕ್ಕೆ ಆಗ ನಮ್ಮವರು ಹಿರೋಡೆ ಎನ್ನುತ್ತಿದ್ದರು. ಊರಿನಿಂದ ಅಲ್ಲಿಗೆ ಮೂರು ಮೈಲಿ. ಕೆಮ್ಮು ಜೋರಾಗಿದ್ದರೆ ಆರು.

ಶಾಲೆಯ ಗೋಡೆಗೆ ಕಟ್ಟಿದ್ದ ಬಿಳಿ ಪಂಚೆಯ ಮೇಲೆ ಬಂದಿದ್ದದ್ದು ದೇವರಲ್ಲ, ಸೊಳ್ಳೆ. ಸೊಳ್ಳೆಯೆಂದರೆ ಎಂಥ ಸೊಳ್ಳೆ. ಒಂದೊಂದು ಕಾಲೂ ತೆಂಗಿನಮರದಷ್ಟು ಉದ್ದ. ಮುಂದಕ್ಕೆ ಚಾಚಿದ ಸೊಂಡಿಲು ಪಂಚೆಯಲ್ಲಿ ಜಾಗ ಸಾಲದೆ ಗೋಡೆ ಹತ್ತಿ, ಹೆಂಚಿನ ಸಂದಿಯಿಂದ ಆಚೆ ಹೋಗಿತ್ತು. ಹೊರಗೆ ಕಟ್ಟಿದ್ದ ಎತ್ತುಗಳು ಅದನ್ನು ನೋಡಿ ಹಗ್ಗ ಕಿತ್ತುಕೊಂಡವಂತೆ. ನಾನಂತೂ ನಂಬುತ್ತೇನೆ.

ಈ ಚಿತ್ರವನ್ನು ತಂದವರು ಹೆಲ್ತ್ ಇನ್ಸ್‌ಪೆಕ್ಟರ್ ರಾಮಚಂದ್ರರಾಯರು. ತಗಡಿನ ಪೆಟ್ಟಿಗೆಯೊಂದರಲ್ಲಿ ದೀಪವಿಟ್ಟು, ಅದರ ಮುಂದೆ ಚಿತ್ರ ಬರೆದ ಗಾಜು ತೂರಿಸಿದರೆ ಪಂಚೆಯ ಮೇಲೆ ಚಿತ್ರ ದೊಡ್ಡದಾಗಿ ಮೂಡುತ್ತಿತ್ತು. ಅದಕ್ಕೆ ಮ್ಯಾಜಿಕ್ ಲ್ಯಾಂಟರ್ನ್ ಎಂದು ಹೆಸರು. ಊರಿನವರ ಬಾಯಲ್ಲಿ ಅದು ಮ್ಯಾಜಿಕ್ ಲಾಟೀನು.

ಊರಿನವರು ಅಲ್ಲಿಯವರೆಗೆ ಪರದೆಯ ಮೇಲೆ ನೋಡಿದ್ದದ್ದು ತೊಗಲುಗೊಂಬೆ ಆಟವನ್ನು ಮಾತ್ರ. ಅದರಲ್ಲಿ ಮೊದಲು ಬರುವವನು ಗಣಪತಿ. ಅವನು ಬಂದಕೂಡಲೇ ಊರಿನ ಹಿರಿಯರು ಕಾಯಿ ಒಡೆಯಬೇಕು, ಆಮೇಲೆಯೇ ಆಟ. ಅಜ್ಜಿಯ ಕಣ್ಣು ಮಂಜು ಬೇರೆ. ಪರದೆಯ ಮೇಲೆ ಮೊದಲು ಬಂದಿದೆ, ಸೊಂಡಿಲಿದೆ. ಗಣಪತಿಯಲ್ಲದೆ ಇನ್ಯಾರು?

ಟಪ್ ಎಂದು ಕಾಯಿ ಒಡೆಯಿತು. ಅಜ್ಜಿ ಎರಡೂ ಕೆನ್ನೆ ತಟ್ಟಿಕೊಂಡಳು.

ಅಷ್ಟರಲ್ಲಿ ಕೂಗಿದವಳು ನಾಗಿ. ಅಕ್ಕಸಾಲಿ ಕಾಳಪ್ಪಾಚಾರಿಯ ಮಗಳು ನಾಗಲಕ್ಷ್ಮಿ, ನಾಲ್ಕನೇ ಕ್ಲಾಸು, ಊರಿನಲ್ಲೇ ದೊಡ್ಡ ಬಾಯಿ.

"ಅಯ್ಯೋ, ಅಜ್ಜಿ ಸೊಳ್ಳೆಗೆ ಪೂಜೆ ಮಾಡ್ಬುಟ್ಳು."

ಊರೇ ನಕ್ಕಿತು. ಆ ನಗುವಿಗೆ ಶಾಲೆಯ ಹೆಂಚು ಒಂದು ಗೇಣು ಮೇಲಕ್ಕೆ ಹೋಗಿ ಮತ್ತೆ ಬಂದು ಕೂತಿತು. ಇನ್ಸ್‌ಪೆಕ್ಟರೂ ಕರವಸ್ತ್ರ ಬಾಯಿಗಿಟ್ಟುಕೊಂಡು ನಕ್ಕರು. ನಗದೇ ಇದ್ದವಳು ಅಜ್ಜಿ ಒಬ್ಬಳೇ. ಒಡೆದ ಕಾಯಿಯ ಎರಡು ಹೋಳನ್ನೂ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದಳು.

"ದೇವ್ರೇ ಅದು," ಎಂದಳು ಮೆಲ್ಲಗೆ. "ನಿಮ್ಗೇನ್ ಗೊತ್ತು." ಯಾರ ಮುಖವನ್ನೂ ನೋಡದೆ ಮನೆಗೆ ಹೊರಟುಹೋದಳು.

ಇನ್ಸ್‌ಪೆಕ್ಟರು ಆಮೇಲೆ ಹೇಳಿದ್ದು ಇಷ್ಟು. ಚಳಿಜ್ವರ ತರುವುದು ಈ ಸೊಳ್ಳೆ. ಇದರ ಮರಿಗಳು ನಿಂತ ನೀರಿನಲ್ಲಿ ಹುಳುಗಳಾಗಿ ಇರುತ್ತವೆ. ಊರಿನಲ್ಲಿ ಇದರ ವಾಸ ನಾಲೆ ಪಕ್ಕದ ಗುಂಡಿ. ಬೆಳಿಗ್ಗೆ ಅದಕ್ಕೆ ಎಣ್ಣೆ ಹಾಕುತ್ತೇವೆ.

ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಊರಿಗೆ ಬಂದು ಎರಡು ವರ್ಷವಾಗಿತ್ತು. ಭತ್ತ ಬಂತು, ಕಬ್ಬು ಬಂತು, ಹಿಂದೆಯೇ ಚಳಿಜ್ವರವೂ ಬಂತು. ನಾಲೆಯ ಏರಿಗೆ ಮಣ್ಣು ತೆಗೆದ ಗುಂಡಿಯೊಂದು ನಾಗಿಯ ಮನೆಯ ಹಿತ್ತಲಿಗೇ ಅಂಟಿಕೊಂಡಿತ್ತು. ಅಲ್ಲಿಯ ಸೊಳ್ಳೆಗಳು ಸಾಮಾನ್ಯವಲ್ಲ. ನಾಲ್ಕು ಸೇರಿದರೆ ಕಂಬಳಿ ಎತ್ತುತ್ತಿದ್ದವು, ಐದನೆಯದು ಒಳಗೆ ನುಗ್ಗುತ್ತಿತ್ತು.

ನಾಗಿಯ ತಮ್ಮ ಮರಿಸ್ವಾಮಿಗೆ ದಿನ ಬಿಟ್ಟು ದಿನ ಚಳಿ. ಚಳಿ ಬಂದರೆ ಅವನ ಮಂಚ ನಡುಗಿ ನಡುಗಿ ಪಡಸಾಲೆಯಿಂದ ಹಿತ್ತಲವರೆಗೆ ನಡೆದುಕೊಂಡೇ ಹೋಗುತ್ತಿತ್ತು. ಅವನು ನುಂಗುತ್ತಿದ್ದ ಕ್ವಿನೈನ್ ಗುಳಿಗೆ ಎಷ್ಟು ಕಹಿಯೆಂದರೆ, ಪಕ್ಕದಲ್ಲಿ ಕೂತವರ ಬಾಯಿಯೂ ಕಹಿಯಾಗುತ್ತಿತ್ತು. ಆದರೆ ಮರಿಸ್ವಾಮಿ ಸಣ್ಣಗಾಗಿದ್ದನಲ್ಲ, ಅದರಲ್ಲಿ ನಾನು ಏನನ್ನೂ ಸೇರಿಸಿಲ್ಲ. ಅವನ ಉಡಿದಾರ ಎರಡು ಸಲ ಬಿಗಿ ಮಾಡಿದರೂ ಜಾರುತ್ತಿತ್ತು.

ಬೆಳಿಗ್ಗೆ ಇನ್ಸ್‌ಪೆಕ್ಟರು ಸೀಮೆಎಣ್ಣೆಯ ಡಬ್ಬ ಹಿಡಿದು ಗುಂಡಿಯ ಹತ್ತಿರ ಬಂದರೆ, ಅಲ್ಲಿ ಚಿಕ್ಕಬೋರಜ್ಜಿ ಕೂತಿದ್ದಳು. ಗುಂಡಿಯ ದಡದಲ್ಲಿ ಕಲ್ಲೊಂದು. ಕಲ್ಲಿಗೆ ಅರಿಶಿನ, ಕುಂಕುಮ, ಕಣಗಿಲೆ ಹೂವು.

"ಇದ್ಕೆ ಎಣ್ಣೆ ಉಯ್ಯಂಗಿಲ್ಲ," ಎಂದಳು. "ಅವ್ನ ವಾಸ ಇಲ್ಲೇ ಅಂತ ನೀವೇ ಏಳುದ್ರಂತೆ."

"ಅಜ್ಜಿ, ನಾನು ಹೇಳಿದ್ದು ಸೊಳ್ಳೆಯ ವಾಸ."

"ನಾನು ಕಾಯಿ ಒಡ್ದಿವ್ನಿ ಸ್ವಾಮಿ. ಕಾಯಿ ಒಡ್ದ ಮ್ಯಾಲೆ ಅದು ದೇವ್ರು."

ಇನ್ಸ್‌ಪೆಕ್ಟರು ಜೊತೆಗೆ ಬಂದಿದ್ದ ಪಟೇಲರ ಮುಖ ನೋಡಿದರು. ಪಟೇಲರು ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು. ಹುಲಿಗೂ ಹೆದರದವರು ಅವರು. ಆದರೆ ಹುಲಿ ಅವರ ತಾಯಿಯಾಗಿರಲಿಲ್ಲ.

"ಅವ್ವ ಒಪ್ಪೋಗಂಟ ಯಾರೂ ಮುಟ್ಟಾಕಿಲ್ಲ ಸ್ವಾಮಿ," ಎಂದರು.

"ಸಂಜೆಯೊಳಗೆ ನಾನು ಮುಂದಿನ ಊರಿನಲ್ಲಿರಬೇಕು. ಎಣ್ಣೆಯೂ ನನ್ನ ಜೊತೆ ಹೋಗುತ್ತೆ. ಮತ್ತೆ ಬರೋದು ಮುಂದಿನ ಮಳೆಗಾಲಕ್ಕೆ," ಎಂದು ಇನ್ಸ್‌ಪೆಕ್ಟರು ಗಾಡಿಯ ಕಡೆ ನಡೆದರು.

ಇದನ್ನೆಲ್ಲ ನಾಗಿ ಬೇಲಿಯ ಸಂದಿಯಿಂದ ನೋಡುತ್ತಿದ್ದಳು. ಮುಂದಿನ ಮಳೆಗಾಲದವರೆಗೆ ಮರಿಸ್ವಾಮಿ ಇನ್ನೆಷ್ಟು ಸಣ್ಣಗಾಗಬೇಕು?

ಅವಳು ಗಾಡಿಯ ಹಿಂದೆ ಓಡಿದಳು.

"ಸಾರ್, ನಿಮ್ ತಾವ ಗಣಪತಿ ಚಿತ್ರ ಇಲ್ವಾ?"

"ಇಲ್ಲ ಮಗು. ಸೊಳ್ಳೆ ಇದೆ, ನೊಣ ಇದೆ, ಇಲಿ ಇದೆ."

"ಮೊದ್ಲು ಗಣಪತಿ ತೋರ್ಸ್ಬೇಕಾಗಿತ್ತು ಸಾರ್. ಪರದೆ ಮ್ಯಾಲೆ ಮೊದ್ಲು ಬರೋನು ಅವ್ನೇ. ಅಜ್ಜಿ ಅದ್ಕೇ ಕಾಯಿ ಒಡ್ದಿದ್ದು."

ರಾಯರು ಪೆಟ್ಟಿಗೆ ಕಟ್ಟುತ್ತಿದ್ದ ಹಗ್ಗವನ್ನು ಹಾಗೇ ಬಿಟ್ಟರು. ಆಮೇಲೆ ಪೆಟ್ಟಿಗೆಯಿಂದ ಬರಿಯ ಗಾಜೊಂದನ್ನು ತೆಗೆದರು. ಅದರ ಚಿತ್ರ ಎಂದೋ ಅಳಿಸಿಹೋಗಿತ್ತು.

"ಬರೆಯೋರು ಯಾರು?"

"ನಾನು," ಎಂದಳು ನಾಗಿ. ಹೇಳಿದ ಮೇಲೆ ಅವಳಿಗೇ ಭಯವಾಯಿತು.

ಮನೆಯಲ್ಲಿ ಅಪ್ಪ ಗಾಜನ್ನು ಬುಡ್ಡಿದೀಪದ ಹೊಗೆಗೆ ಹಿಡಿದು ಕಪ್ಪು ಮಾಡಿಕೊಟ್ಟ. ಬಳೆಗೆ ಹೂವು ಕೊರೆಯುವ ಚಿಕ್ಕ ಉಳಿಯನ್ನೂ ಕೊಟ್ಟ. ಮಸಿಯ ಮೇಲೆ ಗೆರೆ ಎಳೆದಲ್ಲೆಲ್ಲ ಗಾಜು ಕಾಣುತ್ತದೆ, ಅಲ್ಲಿಂದ ಬೆಳಕು ಬರುತ್ತದೆ.

"ಒಟ್ಟೆ ದೊಡ್ದಾಗಿ ಬರಿ," ಎಂದ ಅಪ್ಪ. "ದೂರಕ್ಕೂ ಕಾಣ್ಬೇಕು."

ನಾಗಿ ನಾಲಿಗೆ ಕಚ್ಚಿಕೊಂಡು ಬರೆದಳು. ಕಿವಿ ಒಂದು ಮೊರದಷ್ಟು ಅಗಲವಾಯಿತು, ಇನ್ನೊಂದು ಎರಡು ಮೊರದಷ್ಟು. ಇಲಿ ಬರೆಯಲು ಹೋಗಿ ಅದು ಬೆಕ್ಕಿನ ಹಾಗಾಯಿತು. ಆದರೆ ಹೊಟ್ಟೆ? ಅಂಥ ಹೊಟ್ಟೆಯನ್ನು ಮೈಸೂರಿನ ಅರಮನೆಯ ಚಿತ್ರಗಾರರೂ ಬರೆದಿರಲಿಲ್ಲ ಎಂದು ನಾನು ಆಣೆಯಿಟ್ಟು ಹೇಳಬಲ್ಲೆ. ಅರಮನೆಗೆ ನಾನು ಹೋಗಿಲ್ಲ, ಅದು ಬೇರೆ ಮಾತು.

ಹಗಲಿನಲ್ಲೇ ಆಟ ನಡೆಯಬೇಕಿತ್ತು. ಪಟೇಲರು ಊರಿನ ಕಂಬಳಿಗಳನ್ನೆಲ್ಲ ತರಿಸಿ ಶಾಲೆಯ ಕಿಟಕಿಗಳಿಗೆ ಹೊದಿಸಿದರು. ಒಳಗೆ ಎಷ್ಟು ಕತ್ತಲಾಯಿತೆಂದರೆ, ಕೋಳಿಗಳು ಬಂದು ಗೂಡೆಂದುಕೊಂಡು ಮಲಗಿದವು.

ಎಲ್ಲರೂ ಬಂದರು. ಅಜ್ಜಿ ಬರಲಿಲ್ಲ.

ನಾಗಿ ಗುಂಡಿಯ ಹತ್ತಿರ ಹೋದಳು. ಅಜ್ಜಿ ಕಲ್ಲಿನ ಪಕ್ಕದಲ್ಲಿ ಹಾಗೇ ಕೂತಿದ್ದಳು. ಕಾಲಿನ ತುಂಬ ಸೊಳ್ಳೆ ಕಚ್ಚಿದ ಗುರುತು.

"ಅಜ್ಜಿ, ಇವತ್ತು ಗಣಪ್ಪ ಬತ್ತಾನೆ. ಕಾಯಿ ಒಡೆಯಾಕೆ ನೀನು ಬರ್ಬೇಕಂತೆ."

"ಯಾಕೆ, ಮತ್ತೆ ನಗಾಕಾ?"

"ಇಲ್ಲ ಅಜ್ಜಿ. ಯಾರೂ ನಗಾಕಿಲ್ಲ."

"ನೆನ್ನೆ ಮೊದ್ಲು ಕೂಗ್ದೋಳು ಯಾರಮ್ಮಿ?"

ಸುಳ್ಳು ಹೇಳಲು ನಾಗಿಗೆ ನೂರು ದಾರಿ ಗೊತ್ತಿತ್ತು. ನಾಲಿಗೆ ತುದಿಯಲ್ಲಿ ಒಂದು ಬಂದೂ ಇತ್ತು. ಆದರೆ ಅಜ್ಜಿಯ ಕಣ್ಣು ಕೆಂಪಾಗಿತ್ತು. ಅದು ಗುಂಡಿಯ ಗಾಳಿಗೆ ಆದ ಕೆಂಪಲ್ಲ.

"ನಾನೇ ಅಜ್ಜಿ," ಎಂದಳು.

ಅಜ್ಜಿ ಕಲ್ಲಿನ ಮೇಲಿನ ಹೂವು ಸರಿಮಾಡುತ್ತಾ ಕೂತಳು. ನಾಗಿಯೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಸೊಳ್ಳೆಗಳು ಇಬ್ಬರನ್ನೂ ಭೇದವಿಲ್ಲದೆ ಕಚ್ಚಿದವು.

ಕೊನೆಗೆ ಅಜ್ಜಿ ಕೈ ಚಾಚಿದಳು. "ಎತ್ತು ನನ್ನ. ಸೊಂಟ ಇಡ್ಕಂಬುಟ್ಟದೆ."

ಶಾಲೆಯಲ್ಲಿ ದೀಪ ಹತ್ತಿತು. ರಾಯರು ಗಾಜನ್ನು ತಲೆಕೆಳಗಾಗಿ ತೂರಿಸುವುದನ್ನು ಕಂಡು ನಾಗಿಗೆ ಜೀವವೇ ಹೋಯಿತು.

"ಸಾರ್, ಗಣಪ್ಪ ತಲೆಕೆಳ್ಗಾಗವ್ನೆ."

"ಸುಮ್ನಿರು. ಇಲ್ಲಿ ಉಲ್ಟಾ ಇಟ್ಟರೇ ಅಲ್ಲಿ ಸರಿಯಾಗಿ ಕಾಣೋದು."

ಪಂಚೆಯ ಮೇಲೆ ಗಣಪತಿ ಮೂಡಿದ. ಬೆಳಕಿನ ಗೆರೆಗಳ ದೊಡ್ಡ ಹೊಟ್ಟೆ, ಎರಡು ಅಳತೆಯ ಕಿವಿ, ಕಾಲ ಬಳಿ ಬೆಕ್ಕಿನಂಥ ಇಲಿ. ಅಜ್ಜಿ ಪಂಚೆಯ ತೀರ ಹತ್ತಿರ ಹೋಗಿ, ಹೊಟ್ಟೆಯನ್ನು ಎಡದಿಂದ ಬಲಕ್ಕೆ ನೋಡಿ, ಕಾಯಿ ಒಡೆದಳು.

ಆಮೇಲೆ ಸೊಳ್ಳೆ ಬಂತು. ಅದೇ ಕಾಲು, ಅದೇ ಸೊಂಡಿಲು.

ಹಿಂದಿನ ಸಾಲಿನಲ್ಲಿ ಹುಡುಗನೊಬ್ಬ ಕಿಸಕ್ಕೆಂದ. ನಾಗಿ ಅವನ ತೊಡೆಯನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ, ಆ ಗುರುತು ಅವನ ಮದುವೆಯ ದಿನವೂ ಇತ್ತಂತೆ.

ಅಜ್ಜಿ ಸೊಳ್ಳೆಯ ಮುಂದೆ ನಿಂತೇ ಇದ್ದಳು. ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ನೋಡಿದಳು.

"ಒಟ್ಟೆ ಇಲ್ಲ," ಎಂದಳು. "ಇಲಿ ಇಲ್ಲ. ಬರೀ ಸೊಂಡ್ಲು."

ಅಜ್ಜಿ ಜನರ ಕಡೆ ತಿರುಗಿದಳು. "ನೋಡುದ್ರಾ ಇವ್ನ ಆಟವ? ರಾವಣ ಸನ್ನೇಸಿ ವೇಸ ಹಾಕ್ಕಂಡು ಬಂದಿದ್ದ, ಸೀತಮ್ಮ ಬಿಕ್ಸೆ ನೀಡ್ನಿಲ್ವಾ? ಅಂಗೇ ಇವ್ನು ನೆನ್ನೆ ಗಣಪ್ಪನ ಜಾಗ್ದಲ್ಲಿ ಬಂದು ನನ್ ತಾವ ಕಾಯಿ ಒಡ್ಸ್ಕಂಡ."

"ಊಂ ಕಣವ್ವ, ಮೋಸಗಾರ," ಎಂದರು ಪಟೇಲರು. ಅವರ ದನಿಯಲ್ಲಿ ಒಂದು ಗಾಡಿ ಭತ್ತ ಇಳಿಸಿದಷ್ಟು ನಿರಾಳ.

"ಇನ್ನೂ ಯಾಕ್ಲಾ ಕುಂತಿದ್ದೀಯ ಮಂಚ? ಎಲ್ಲಿ ಆ ಎಣ್ಣೆ ಡಬ್ಬ?"

ಕಲ್ಲನ್ನು ಎತ್ತಿ ಬೇವಿನಮರದ ಕೆಳಗಿಟ್ಟವಳೂ ಅಜ್ಜಿಯೇ, ಮೊದಲ ಚೊಂಬು ಸೀಮೆಎಣ್ಣೆ ಚೆಲ್ಲಿದವಳೂ ಅಜ್ಜಿಯೇ. ಗುಂಡಿಯ ನೀರಿನ ಮೇಲೆ ಎಣ್ಣೆ ಹರಡಿ ಏಳು ಬಣ್ಣ ಕಾಣಿಸಿತು. ನಾನು ಎಣಿಸಿದರೆ ಹದಿನಾಲ್ಕು ಬರುತ್ತಿತ್ತು. ಸುಗ್ಗಿಗೆ ಮುಂಚೆ ಗುಂಡಿಗೆ ಮಣ್ಣು ತುಂಬಿಸುವುದಾಗಿ ಪಟೇಲರು ರಾಯರಿಗೆ ಮಾತು ಕೊಟ್ಟರು. ಗಾಡಿ ಹೊರಟಿತು.

ಜನ ಚೆದುರಿದ ಮೇಲೆ ಅಜ್ಜಿ ನಾಗಿಯನ್ನು ಹತ್ತಿರ ಕರೆದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡಳು.

"ನಾಗಿ, ನಿಜ ಏಳು. ನೆನ್ನೆ ಬಂದಿದ್ನಲ್ಲ, ಅವ್ನು ನೋಡಾಕೆ ಒಸಿಯಾದ್ರೂ ಗಣಪ್ಪನಂಗೆ ಇದ್ನಾ? ಇಲ್ಲ ಬರೀ ಸೊಳ್ಳೆ ತರಾನೇ ಇದ್ನಾ?"

ನಾಗಿ ಅಜ್ಜಿಯ ಮುಖ ನೋಡಿದಳು. ಊರಿನಲ್ಲೇ ದೊಡ್ಡ ಬಾಯಿಯಿಂದ ಸಣ್ಣ ದನಿ ಬಂತು.

"ನಂಗೆ ಸರ್ಯಾಗಿ ಕಾಣ್ನಿಲ್ಲ ಅಜ್ಜಿ," ಎಂದಳು. "ಮಂಚಯ್ಯಣ್ಣನ ಪೇಟ ಅಡ್ಡ ಇತ್ತು."

ಅಜ್ಜಿ ಅವಳನ್ನೇ ನೋಡಿದಳು. ನೆನ್ನೆ ನಾಗಿ ಕೂತಿದ್ದದ್ದು ಪಂಚೆಯ ಮುಂದೆ, ಮೊದಲನೇ ಸಾಲಿನಲ್ಲಿ. ಕರ್ಪೂರ ಹಚ್ಚಿದ್ದೂ ಅವಳೇ. ಅದು ಇಬ್ಬರಿಗೂ ಗೊತ್ತಿತ್ತು.

"ಅವ್ನ ಪೇಟ ದೊಡ್ದು ಬುಡು," ಎಂದಳು ಅಜ್ಜಿ.

ನಾಗಿಯ ಹೆಗಲ ಮೇಲೆ ಕೈಯಿಟ್ಟು ಮನೆಯ ಕಡೆ ನಡೆದಳು. ಆ ಕೈ ಬಹಳ ಹಗುರವಾಗಿತ್ತು. ಅದು ಬೀಳದಂತೆ ನಾಗಿ ಮೆಲ್ಲಗೆ ಹೆಜ್ಜೆ ಹಾಕಿದಳು.