ಬಿಡಬೇಕಿದ್ದ ಗೋಲು

"ಲೀಗ್ ಮುಗಿಯೋದರೊಳಗೆ ಒಂದು ಗೋಲು ಬಿಟ್ಟುಕೊಡಮ್ಮ. ಪಂದ್ಯ ಗೆಲ್ಲು, ಕಪ್ ಗೆಲ್ಲು, ಬೇಡ ಅನ್ನಲ್ಲ. ಒಂದೇ ಒಂದು ಗೋಲು ಮಾತ್ರ ಒಳಗೆ ಹೋಗಲಿ."

ಬೀಗದ ಕೈ ಒಪ್ಪಿಸಲು ಬಂದಿದ್ದ ಹಳೆಯ ಕೋಚ್ ಹೀಗೆಂದಾಗ ಹೊಸ ಕೋಚ್‌ಗೆ ನಗು ತಡೆಯಲಾಗಲಿಲ್ಲ. ನೂಲಿನ ಗಿರಣಿಯ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಅವಳು ಆಗಷ್ಟೇ ನೇಮಕವಾಗಿದ್ದಳು. ಬಟ್ಟೆ ಬದಲಿಸುವ ಆ ಕೋಣೆಗೆ ಕಿಟಕಿಯಿಲ್ಲ, ಬಲ್ಬು ಸತ್ತು ಯಾವ ಕಾಲವಾಯಿತೋ. ಕತ್ತಲಲ್ಲಿ ಒದ್ದೆ ಕಾಲುಚೀಲದ ಮುಗ್ಗಲು ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನ ಸಣ್ಣ ಘಾಟು.

ಮುದುಕ ಹೇಳಿದ್ದಿಷ್ಟು. ಹಿಂದೆ ತಂಡ ಸೋತು ಸುಣ್ಣವಾಗಿದ್ದಾಗ ಗಿರಣಿಯ ಧಣಿ ಒಬ್ಬ ಮಾಂತ್ರಿಕನನ್ನು ಕರೆಸಿ ಗೋಲಿಗೆ ಕಟ್ಟು ಹಾಕಿಸಿದ್ದ. ಕಟ್ಟು ಬಿದ್ದದ್ದು ಕಂಬಕ್ಕಲ್ಲ, ಯಾರು ಗೋಲು ಕಾಯುತ್ತಾಳೋ ಅವಳ ಮೈಗೆ. ಲೀಗ್ ಮುಗಿಯುವುದರೊಳಗೆ ಒಂದು ಗೋಲು ಬಿಟ್ಟರೆ ಅದು ಸಡಿಲವಾಗುತ್ತದೆ. ಬಿಡದಿದ್ದರೆ ಬಿಗಿಯುತ್ತ ಹೋಗುತ್ತದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು ಹೊಸ ಕೋಚ್. "ನಿಮ್ಮ ಕಾಲದಲ್ಲಿ ತಿಂದ ಗೋಲಿಗೆಲ್ಲ ಒಳ್ಳೇ ನೆಪ ಹುಡುಕಿದ್ದೀರಿ, ಸರ್."

"ಗೋಲಿಗೆ ಯಾರನ್ನ ನಿಲ್ಲಿಸ್ತೀಯ?"

"ನನ್ನ ತಂಗೀನ."

ಮುದುಕ ಕೋಣನ ಮುಂದೆ ಕಿನ್ನರಿ ಬಾರಿಸಿ ದಣಿದವನಂತೆ ಎದ್ದು ಹೋದ.

ತಂಗಿಗೆ ಅವಳೇ ಅಕ್ಕ, ಅವಳೇ ಕೋಚ್. ಟೈರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಬೇಯಿಸಿ ಹಾಕುವವಳೂ ಅವಳೇ. ಆಡುವ ಕಾಲದಲ್ಲಿ ಒಂದು ಕಪ್ಪನ್ನೂ ಮುಟ್ಟದ ಅಕ್ಕನಿಗೆ ಈಗ ಬರೀ ಕಪ್ ಸಾಲದು. ಒಂದು ಸೋಲೂ ಇರಬಾರದು, ಒಂದು ಗೋಲೂ ಒಳಗೆ ಬರಬಾರದು. ಆಸೆಗೆ ಮಿತಿ ಬೇಡವೇ? ಅವಳಿಗಿರಲಿಲ್ಲ.

ತಂಡ ಗೆಲ್ಲುತ್ತಲೇ ಹೋಯಿತು. ಜನ ತಂಗಿಗೆ 'ಗೋಡೆ' ಎಂದು ಹೆಸರಿಟ್ಟರು.

"ಅಕ್ಕಾ, ಕೈ ತಾನಾಗೇ ಹೋಗುತ್ತೆ ಕಣೇ. ನಾನು ನೋಡೋದರೊಳಗೆ ಚೆಂಡು ಕೈಲಿರುತ್ತೆ. ಒಂಥರಾ ಆಗುತ್ತೆ. ಒಂದ್ಸಲ ಬಿಟ್ಟುಬಿಡಲಾ?"

"ಬಿಟ್ಟರೆ ಮನೆಗೆ ಬರಬೇಡ" ಎಂದು ಅಕ್ಕ ನಕ್ಕಳು. ನಗುತ್ತಲೇ ಅಂದಳು ನಿಜ. ಆದರೆ ತಂಗಿ ಆಮೇಲೆ ಆ ಮಾತೆತ್ತಲಿಲ್ಲ.

ಕೆಲವೇ ವಾರಗಳಲ್ಲಿ ತಂಗಿ ತಟ್ಟೆ ಸರಿಸತೊಡಗಿದಳು. ಬಾಯಿಗಿಟ್ಟ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಟದ ಭಯಕ್ಕೆ ಹಾಗಾಗುತ್ತದೆ ಎಂದುಕೊಂಡಳು ಅಕ್ಕ. ಆಮೇಲೆ ನೀರೂ ತುಟಿಯಿಂದಲೇ ಹಿಂದಿರುಗಿತು. ಆಸ್ಪತ್ರೆಯಲ್ಲಿ ಗಂಟಲು, ಹೊಟ್ಟೆ ಎಲ್ಲ ನೋಡಿ ಏನೂ ಇಲ್ಲವೆಂದರು. ಗ್ಲೂಕೋಸ್ ಏರಿಸಲು ನರ್ಸ್ ಮುಂಗೈಗೆ ಸೂಜಿ ಚುಚ್ಚಿದಳು. ಸೂಜಿ ಬಾಗಿತು. ಇನ್ನೊಂದು ತಂದಳು. ಅದೂ ಬಾಗಿತು. ನರ್ಸ್ ಆ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ಹಿಂದೆ ಸರಿದಳು.

ಮರುದಿನ ಅಕ್ಕ ಎಷ್ಟು ಕೂಗಿದರೂ ತಂಗಿ ತಿರುಗಿ ನೋಡಲಿಲ್ಲ. ಕಿವಿಯೂ ಮುಚ್ಚಿಹೋಗಿತ್ತು.

ಅಕ್ಕ ಮುದುಕನ ಮನೆಗೆ ಓಡಿ ಕಾಲು ಹಿಡಿದಳು. ನಾನು ಅವತ್ತೇ ಹೇಳಿದ್ದೆ ಎಂದು ಅವನು ಅನ್ನಲಿಲ್ಲ, ಅಷ್ಟು ದೊಡ್ಡತನ ಅವನಲ್ಲಿತ್ತು.

"ಆ ಕಟ್ಟಿಗೆ ಚೆಂಡು ಯಾವುದು, ತುತ್ತು ಯಾವುದು ಗೊತ್ತಾಗಲ್ಲಮ್ಮ. ಒಳಗೆ ಬರೋದನ್ನೆಲ್ಲ ತಡೆಯುತ್ತೆ. ಊಟ, ನೀರು, ಮಾತು. ಕೊನೇ ಪಂದ್ಯದ ಸೀಟಿ ಊದಿದ ಮೇಲೆ ಉಸಿರು."

"ಗೋಲಿಗೆ ಬೇರೆಯವರನ್ನ ನಿಲ್ಲಿಸ್ತೀನಿ."

"ಬಿಗಿದಿರೋದು ಇವಳ ಮೇಲೆ. ಪಂದ್ಯದಲ್ಲೇ, ಇವಳ ಕೈ ದಾಟಿಯೇ ಚೆಂಡು ಹೋಗಬೇಕು. ಒಂದು ಪಂದ್ಯ ಉಳಿದಿದೆ. ಹೇಗಾದರೂ ಬಿಡಿಸು."

ಕೊನೆಯ ಪಂದ್ಯದ ದಿನ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡ್ರಾ ಆದರೂ ಸಾಕಿತ್ತು, ಕಪ್ ಗಿರಣಿಯದೇ. ಅಕ್ಕ ತಂಗಿಯ ಅಂಗೈಯಲ್ಲಿ ಬೆರಳಿನಿಂದ 'ಬಿಡು' ಎಂದು ಬರೆದಳು. ಎಲುಬು ಚರ್ಮವಾಗಿದ್ದ ತಂಗಿ ಅಳುತ್ತ ತಲೆಯಾಡಿಸಿದಳು. ಉಳಿದ ಹುಡುಗಿಯರಿಗೆ ಅಕ್ಕ ಕೈಮುಗಿದು ಹೇಳಿದಳು: "ನನಗೆ ಕಪ್ ಬೇಡ. ನನ್ನ ತಂಗಿ ಬೇಕು. ನಮ್ಮ ಗೋಲಿಗೇ ಹೊಡೀರಿ."

ಎದುರಾಳಿಗಳು ನುಗ್ಗಿದರು. ಯಾರೂ ತಡೆಯಲಿಲ್ಲ. ಚೆಂಡು ಮೂಲೆಗೆ ಹಾರಿತು. ತಂಗಿ ಕಣ್ಣು ಮುಚ್ಚಿಕೊಂಡಳು. ಕೈಗಳು ಮುಚ್ಚಿಕೊಳ್ಳಲಿಲ್ಲ, ಅವು ಹಾರಿ ಚೆಂಡು ಹಿಡಿದವು.

ಜನ ಹುಚ್ಚೆದ್ದು ಕುಣಿದರು.

ಅವಳು ಕೈಗಳನ್ನು ಬೆನ್ನ ಹಿಂದೆ ಬಿಗಿದು ನಿಂತಳು. ಚೆಂಡು ಎದೆಗೆ ಬಡಿದು ಹಿಂದಿರುಗಿತು. ಕಂಬದಾಚೆ ಹೋಗಿ ನಿಂತಳು. ಕಾಲುಗಳು ಅವಳನ್ನು ದರದರ ಎಳೆದು ತಂದವು. ನೆಲಕ್ಕೆ ಕವುಚಿ ಬಿದ್ದು ಹುಲ್ಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಹುಲ್ಲು ಬೇರು ಸಮೇತ ಕಿತ್ತು ಬಂತು. ಮೈ ಎದ್ದಿತು. ತಡೆಯಿತು.

ಗಿರಣಿ ತಂಡದ ನಾಯಕಿಯೇ ಬಿಕ್ಕುತ್ತ ಹತ್ತಿರದಿಂದ ಒದ್ದಳು. ತಡೆಯಿತು. ಇನ್ನೊಬ್ಬಳು ತಲೆಯಿಂದ ತಳ್ಳಿದಳು. ತಡೆಯಿತು. "ಗೋಡೆ! ಗೋಡೆ!" ಗ್ಯಾಲರಿ ಅದುರುತ್ತಿತ್ತು. ಅಕ್ಕ ಗೆರೆ ದಾಟಿ ಮೈದಾನಕ್ಕೆ ನುಗ್ಗಿದಳು. ಇಬ್ಬರು ಹಿಡಿದುಕೊಂಡರು. ಅವರನ್ನು ಪರಚಿದಳು, ಕಚ್ಚಿದಳು. "ಒಂದು ಗೋಲು, ನಿಮ್ಮ ದಮ್ಮಯ್ಯ, ಒಂದೇ ಒಂದು." ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ಕೊನೆಯ ಚೆಂಡು ತಂಗಿಯ ಬೆರಳ ತುದಿ ಸವರಿತು. ಅವಳನ್ನು ದಾಟಿತು. ಗೆರೆಯತ್ತ ಉರುಳಿತು. ಅಕ್ಕ ಹಿಡಿದವರ ತೋಳಿನಲ್ಲೇ ಮುಂದಕ್ಕೆ ಬಾಗಿದಳು. ಹೋಗು. ಹೋಗು ತಾಯಿ. ಗೆರೆಗೆ ಗೇಣಿರುವಾಗ ತಂಗಿಯ ಮೈ ಹಿಮ್ಮುಖವಾಗಿ ಮಡಚಿ ಬಿತ್ತು. ಮೂಳೆ ಮುರಿದ ಸದ್ದು. ಚೆಂಡು ಅವಳ ಕೈಯಲ್ಲಿತ್ತು.

ಸೀಟಿ ಮೊಳಗಿತು.

ಪಟಾಕಿ ಸಿಡಿದವು. ಬಾಗಿಲು ಮುರಿದು ಜನ ಒಳನುಗ್ಗಿದರು. ಸೋಲಿಲ್ಲದ ತಂಡ, ಗೋಲು ತಿನ್ನದ ತಂಡ. ಅಕ್ಕ ಅವರ ಕಾಲುಗಳ ನಡುವೆ ತೆವಳಿ ತಂಗಿಯನ್ನು ತಲುಪಿದಳು. ತಂಗಿಯ ಬಾಯಿ ಅಗಲವಾಗಿ ತೆರೆದಿತ್ತು, ಕಣ್ಣು ಅಕ್ಕನನ್ನೇ ನೋಡುತ್ತಿತ್ತು. ಎದೆ ಏಳುತ್ತಿರಲಿಲ್ಲ.

ಅಕ್ಕ ಅವಳ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದಳು.

ಉಸಿರು ಬಿಸಿಯಾಗಿ ಅಕ್ಕನ ಮುಖಕ್ಕೇ ಹಿಂದಿರುಗಿತು.

"ಬಿಡೇ ಒಳಗೆ" ಎಂದಳು. ಮತ್ತೆ ಊದಿದಳು.